ಅಳಿಸಿದ ಹಳದಿ ಎಸಳು

ಮೇ 19, ಭಾನುವಾರ. ಬೆಳಿಗ್ಗೆ 10

ಒಪ್ಪಿಕೊಳ್ಳುತ್ತೇನೆ. ನಾನು, ಹಿಲ್ಕೆ, ವಯಸ್ಸು ಅರವತ್ತಾರು, ನಿವೃತ್ತ ಭೂಗೋಳ ಮೇಷ್ಟರು, ಊರಿನ ಫೋಟೊ ಕ್ಲಬ್ಬಿನಲ್ಲಿ ಇಪ್ಪತ್ತೆರಡು ವರ್ಷಗಳ ಸದಸ್ಯ, ದೀಪವಿಲ್ಲದ ಸೈಕಲ್ಲಿಗೆ ಒಮ್ಮೆ ದಂಡ ಕಟ್ಟಿದ್ದನ್ನು ಬಿಟ್ಟರೆ ಯಾವ ಕಳಂಕವೂ ಇಲ್ಲದವನು, ಇಂದು ಬೆಳಿಗ್ಗೆ ಒಂಬತ್ತು ಮೂವತ್ತೈದಕ್ಕೆ, ಪೂರ್ಣ ಎಚ್ಚರದಲ್ಲಿದ್ದು, ಯಾರ ಒತ್ತಾಯವೂ ಇಲ್ಲದೆ, ಒಂದು ಹೂವಿನ ಎಸಳನ್ನು ಕೊಂದೆ. ಹಳದಿ ಎಸಳು. ಅದರ ಕೆಳಗೆ ಕೆಂಪು ಹುಳಿಸೊಪ್ಪಿನ ಒಂದು ಕಾಳು ಎಲ್ಲವನ್ನೂ ನೋಡುತ್ತಿತ್ತು. ಅದನ್ನೂ ಮುಗಿಸಿದೆ. ಸಾಕ್ಷಿ ಉಳಿಸಬಾರದು.

ಆಯುಧ — ಲ್ಯಾಪ್‌ಟಾಪಿನ ಅಳಿಸುವ ಕುಂಚ. ಎರಡು ಒತ್ತು. ರಕ್ತ ಬರಲಿಲ್ಲ. ಕಾಫಿಯೂ ಆರಲಿಲ್ಲ.

ಕ್ಲಬ್ಬಿನ ಸ್ಪರ್ಧೆಯ ಕಾನೂನು ಸ್ಪಷ್ಟವಾಗಿದೆ. ಚಿತ್ರಕ್ಕೆ ಏನನ್ನೂ ಸೇರಿಸಬಾರದು, ಚಿತ್ರದಿಂದ ಏನನ್ನೂ ತೆಗೆಯಬಾರದು, ಒಂದು ಕಡ್ಡಿ ಹುಲ್ಲನ್ನೂ. ಬರೆದವರು ಯಾರು? ನಾನೇ. ಅಧ್ಯಕ್ಷ ಊನೆ ಒಂದು ಬಕಪಕ್ಷಿಯ ಹಿಂದಿದ್ದ ವಿದ್ಯುತ್ ಕಂಬವನ್ನು ಅಳಿಸಿದ ವರ್ಷ ಅವನ ಕೈಯಿಂದ ಬಹುಮಾನದ ಕಪ್ಪು ಕಿತ್ತುಕೊಂಡವರು ಯಾರು? ಅದೂ ನಾನೇ. ಕಂಬಕ್ಕೂ ಎಸಳಿಗೂ ವ್ಯತ್ಯಾಸವಿದೆ ಎಂದು ಈಗ ಅನ್ನಿಸುತ್ತಿದೆ. ಆಗ ಅನ್ನಿಸಿರಲಿಲ್ಲ.

ಆದರೆ ಎಸಳೂ ಸಾಚಾ ಅಲ್ಲ. ಚಿತ್ರದಲ್ಲಿ ಗೊರವ ಹಕ್ಕಿ ಒಂಟಿ ಕಾಲಲ್ಲಿ ನಿಂತಿದೆ. ಇಟ್ಟಿಗೆ ಬಣ್ಣದ ಕೊರಳು, ಬುಡ ಕಿತ್ತಳೆ ತುದಿ ಕಪ್ಪಾದ ಉದ್ದ ಕೊಕ್ಕು, ಹಿಂದೆ ಮಂಜು. ಸುತ್ತ ಸಾವಿರ ಹಳದಿ ಹೂ. ಎಲ್ಲವೂ ಮರ್ಯಾದೆಯಿಂದ ತಮ್ಮ ತಮ್ಮ ಗಿಡದಲ್ಲಿವೆ. ಇದೊಂದಕ್ಕೆ ಮಾತ್ರ ದೊಡ್ಡವರ ಕಾಲು ಹಿಡಿಯುವ ಚಾಳಿ. ನೋಡುವ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ತೆಗೆದೆ. ಕಾಲು ಈಗ ಬೆಳ್ಳಗೆ ತೊಳೆದ ಹಾಗಿದೆ.

ಸಂಜೆ 4

ಚಿತ್ರ ತೆಗೆದ ಬಗೆ ದಾಖಲಾಗಲಿ. ನಿನ್ನೆ, ಶನಿವಾರ, ಬೆಳಗಿನ ಜಾವ ನಾಲ್ಕೂವರೆಗೆ ಎದ್ದೆ. ಐದಕ್ಕೆ ರೈತ ವಿಟ್ಸೆಯ ಹಿಂದಿನ ಹೊಲದಲ್ಲಿದ್ದೆ. ಹೊಲ ಎಂದರೆ ಹುಲ್ಲೇ. ವಿಟ್ಸೆಗೆ ನೂರಹತ್ತು ಹಸು. ಒಡೆದ ಗೇಟಿನ ಪಕ್ಕ ಹಸಿರು ಟೆಂಟು ಹಾಕಿ, ಕಿಂಡಿಯಿಂದ ಆರುನೂರು ಮಿಲಿಮೀಟರಿನ ಲೆನ್ಸು ಹೊರಗಿಟ್ಟು, ಅದರ ಕೆಳಗೆ ದಿಂಬಿನ ಹಾಗೆ ಹುರುಳಿ ಚೀಲ ಕೊಟ್ಟು, ಎದುರಿನ ಮಣ್ಣುಗುಡ್ಡೆಗೆ ಫೋಕಸ್ ಕಟ್ಟಿ, ಕ್ಯಾಮೆರಾ ಅಲುಗದಿರಲೆಂದು ತಂತಿಯ ತುದಿಯ, ಒತ್ತಿದಷ್ಟು ಹೊತ್ತೂ ಚಿತ್ರ ತೆಗೆಯುವ ಗುಂಡಿಯನ್ನು ಕೈಯಲ್ಲಿ ಹಿಡಿದು ಕುಳಿತೆ. ಮೂರು ಗಂಟೆ ನಲವತ್ತು ನಿಮಿಷ ಕುಳಿತೆ. ರೆಪ್ಪೆ ಮಿಟುಕಿಸಲಿಲ್ಲ. ಉಸಿರು ಸಹ ಲೆಕ್ಕ ಹಾಕಿ ಬಿಟ್ಟೆ. ಗೊರವ ಬಂತು, ಗುಡ್ಡೆ ಹತ್ತಿತು, ಒಂದು ಕಾಲು ಮಡಚಿತು. ಆ ಒಂದು ಕ್ಷಣ. ಒತ್ತಿದೆ.

ಅಷ್ಟೆ. ಇದಕ್ಕಿಂತ ಹೆಚ್ಚು ಬರೆಯುವುದೇನಿಲ್ಲ.

ಮೇ 20, ಸೋಮವಾರ

ಬೌಕ್ಯೆಗೆ ಎಲ್ಲವೂ ಕಾಣುತ್ತದೆ. ಮದುವೆಯಾಗಿ ನಲವತ್ತು ವರ್ಷ. ಅವಳ ಕಣ್ಣಿಗೆ ಲೆನ್ಸು ಬೇಕಿಲ್ಲ. ಶನಿವಾರ ನಾನು ಮನೆಗೆ ಬಂದಾಗ ಎಡಗೆನ್ನೆಯ ಮೇಲೆ ಹುರುಳಿ ಚೀಲದ ನೇಯ್ಗೆ ಅಚ್ಚೊತ್ತಿತ್ತಂತೆ, ಒಂದೊಂದು ಎಳೆಯೂ ಎಣಿಸುವ ಹಾಗೆ. ಇವತ್ತು ತಿಂಡಿಯ ಹೊತ್ತಿಗೆ ಆ ಮಾತು ತೆಗೆದಳು. ಏಕಾಗ್ರತೆ ಎಂದೆ. ಗುರಿ ಹಿಡಿಯುವಾಗ ಕೆನ್ನೆ ಒತ್ತಿಕೊಳ್ಳುತ್ತದೆ ಎಂದೆ. ಕಟ್ಟಿಕೊಂಡು ಹೋದ ಲವಂಗದ ಚೀಸಿನ ಬ್ರೆಡ್ಡು ಹಾಗೇ ಮರಳಿ ಬಂದಿತ್ತಲ್ಲ, ಅದು? ತಪಸ್ಸಿಗೆ ಕುಳಿತವನಿಗೆ ಹಸಿವಿಲ್ಲ ಎಂದೆ.

ಅವಳು ಚೂರಿ ಒರೆಸುತ್ತಾ ಹೇಳಿದ್ದು: "ತಪಸ್ಸು ಮಾಡಿದೋರ ಮುಖದಲ್ಲಿ ತೇಜಸ್ಸು ಬರುತ್ತೆ ಹಿಲ್ಕೆ. ಚೀಲದ ಡಿಸೈನ್ ಬರಲ್ಲ."

ಕ್ಯಾಮೆರಾದ ಕಾರ್ಡು ತುಂಬಿಹೋಗಿದೆ. ಹೊಸದೊಂದು ಕೊಳ್ಳಬೇಕು.

ಮೇ 24, ಶುಕ್ರವಾರ

ಕಪ್ಪು ಬಂತು! ಗೊರವನಿಂದ ಗೌರವ.

ಮೂವತ್ತೊಂದು ಚಿತ್ರಗಳಲ್ಲಿ ನನ್ನದು ಮೊದಲು. ಊನೆಯೇ ಕಪ್ಪು ಕೊಟ್ಟ. ಅವನ ನಗೆಯಲ್ಲಿ ಆ ಹಳೆಯ ವಿದ್ಯುತ್ ಕಂಬ ಇನ್ನೂ ನೆಟ್ಟಗೆ ನಿಂತಿತ್ತು. ಎರಡು ಮಾತಾಡಲು ಹೇಳಿದರು. ಇಪ್ಪತ್ತು ನಿಮಿಷ ಮಾತಾಡಿದೆ. ಹಕ್ಕಿಯ ಫೋಟೊ ಎಂದರೆ ತೊಂಬತ್ತೊಂಬತ್ತು ಪಾಲು ಕಾಯುವುದು, ಒಂದು ಪಾಲು ಒತ್ತುವುದು ಎಂದೆ. ಈಗಿನವರ ಹಾಗೆ ಸೆಕೆಂಡಿಗೆ ಮೂವತ್ತು ಚಿತ್ರ ಬಾಚಿಕೊಂಡು ಬಂದು ಮನೆಯಲ್ಲಿ ಕಲ್ಲು ಆರಿಸುವವನು ನಾನಲ್ಲ, ನನ್ನದು ಒಂದೇ ಚಿತ್ರ ಎಂದೆ. ಕೊನೆಗೆ, ಮನೆಯಲ್ಲಿ ಕನ್ನಡಿಯ ಮುಂದೆ ಹೇಳಿ ನೋಡಿಕೊಂಡಿದ್ದ ವಾಕ್ಯ: "ತಲೆಯಲ್ಲಿರೋ ಬುದ್ಧಿ ಬೆರಳಿಗೆ ಇಳೀಬೇಕು. ಆ ಕ್ಷಣ ಬಂದಾಗ ಒತ್ತೋದು ನಾವಲ್ಲ, ಬೆರಳು."

ಚಪ್ಪಾಳೆ. ಹಿಂದಿನ ಸಾಲಿನಲ್ಲಿ ಒಬ್ಬರು ಬರೆದುಕೊಂಡರು. ಬೌಕ್ಯೆ ಮೇಲಿನ ತೊಲೆ ನೋಡುತ್ತಿದ್ದಳು.

ಮೇ 26, ಭಾನುವಾರ

ಚಿತ್ರ ಈಗ ಗ್ರಂಥಾಲಯದ ಗೋಡೆಯಲ್ಲಿದೆ, ಒಂದು ತಿಂಗಳು. ಕೆಳಗೆ ಚೀಟಿ: ಗೊರವ, ವಿಟ್ಸೆಯವರ ಹಿಂದಿನ ಹೊಲ, ಮೇ 18. ಚೌಕಟ್ಟಿನ ಗಾಜಿನಲ್ಲಿ ನನ್ನ ಮುಖವೂ ಸ್ವಲ್ಪ ಕಾಣುತ್ತದೆ. ಒಳ್ಳೆಯದೇ.

ಜೂನ್ 1, ಶನಿವಾರ. ಮಧ್ಯಾಹ್ನ 1

ಕೈ ನಡುಗುತ್ತಿಲ್ಲ. ಸುಮ್ಮನೆ ಅಕ್ಷರ ಹೀಗೆ ಬರುತ್ತಿದೆ.

ಶನಿವಾರಗಳಲ್ಲಿ ಗ್ರಂಥಾಲಯದಲ್ಲಿ ಕಾಫಿ, ಗುಲಾಬಿ ಸಕ್ಕರೆಯ ಕೇಕು. ಕೇಕಿಗೆ ಹೋದೆ ಎಂದು ಜನ ತಿಳಿದಿರಬಹುದು. ನನ್ನ ಚಿತ್ರದ ಎದುರು ಆಫ್ಕೆ ನಿಂತಿದ್ದಳು, ಎರಡು ಊರುಗೋಲಿನ ಮೇಲೆ. ಏಪ್ರಿಲ್‌ನಲ್ಲಿ ಮಂಡಿಯ ಆಪರೇಷನ್ ಆಯಿತು ಅವಳಿಗೆ. ಎಪ್ಪತ್ತೊಂದರ ಹೆಂಗಸು, ಮೂವತ್ತು ವರ್ಷ ಈ ಊರಿನ ಅಂಚೆ ಹಂಚಿದವಳು, ಅಷ್ಟೇ ವರ್ಷ ಗಂಡ ಲೋಲ್ಕೆಯ ಜೊತೆ ಹಕ್ಕಿಗಳಿಗೆ ಕಾಲುಂಗುರ ತೊಡಿಸಿದವಳು. ಬಣ್ಣ ಬಣ್ಣದ ಉಂಗುರ, ಪುಟ್ಟ ಬಾವುಟ. ದೂರದಿಂದಲೇ ಬಣ್ಣ ಓದಿ ಇಂಥದೇ ಹಕ್ಕಿ ಎಂದು ಹೇಳಬಹುದು. ಲೋಲ್ಕೆ ಹೋಗಿ ಆರು ವರ್ಷವಾಯಿತು. ಅವಳು ಈಗಲೂ ಪ್ರತಿ ವಸಂತದಲ್ಲಿ ಹುಲ್ಲುಗಾವಲು ನಡೆದು ಗೂಡು ಹುಡುಕುತ್ತಾಳೆ. ಗೂಡಿನ ಎರಡೂ ಬದಿಗೆ ಕೋಲು ನೆಟ್ಟು ಬರುತ್ತಾಳೆ, ಕೊಯ್ಯುವ ಯಂತ್ರ ಸುತ್ತಿಕೊಂಡು ಹೋಗಲೆಂದು. ಈ ವಸಂತ ಮಂಡಿ ಬಿಡಲಿಲ್ಲ. ಗೂಡು ಹುಡುಕಿಲ್ಲ, ಕೋಲು ನೆಟ್ಟಿಲ್ಲ.

ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ ನೋಡುತ್ತಿದ್ದಳು. ಕೊಕ್ಕನ್ನಲ್ಲ, ಕೊರಳನ್ನಲ್ಲ. ಕಾಲನ್ನು.

ಹೊಗಳಿಕೆಗೆ ಸಿದ್ಧನಾಗಿ ಪಕ್ಕ ನಿಂತೆ.

"ಕಾಲು ಖಾಲಿ," ಎಂದಳು. "ಹಾಗಿದ್ರೆ ಇವಳು ಅವಳಲ್ಲ."

ಅವಳು ಎಂದರೆ ಯಾರು ಎಂದು ಕೇಳಿದೆ. ಕೇಳಬಾರದಿತ್ತು. ಹದಿನೇಳು ವರ್ಷದ ಹಿಂದೆ ಲೋಲ್ಕೆ ಆ ಹಿಂದಿನ ಹೊಲದಲ್ಲೇ ಒಂದು ಹೆಣ್ಣು ಗೊರವಕ್ಕೆ ಉಂಗುರ ತೊಡಿಸಿದ್ದ. ಆಮೇಲೆ ಒಂದು ವರ್ಷವೂ ತಪ್ಪಿಸಿಲ್ಲವಂತೆ ಅದು. ಆಫ್ರಿಕಾಕ್ಕೆ ಹೋಗಿ, ಅದೇ ಹೊಲಕ್ಕೆ ಬಂದು, ಹಿಂದಿನ ಗೂಡಿನಿಂದ ಇಪ್ಪತ್ತು ಹೆಜ್ಜೆಯೊಳಗೆ ಹೊಸ ಗೂಡು. ನೀರು ತಡೆಯುವ ಮಣ್ಣಿನ ಏರಿಯ ಆಚೆಯ ಪಕ್ಷಿಧಾಮದಿಂದ ಬೇರೆ ಗೊರವಗಳೂ ಮೇಯಲು ಬರುತ್ತವೆ, ಯಾರ ಹೊಲಕ್ಕಾದರೂ ಬರುತ್ತವೆ. ಅವುಗಳಿಂದ ಏನೂ ಸಿದ್ಧವಾಗುವುದಿಲ್ಲ. ಆದರೆ ಆ ಉಂಗುರದವಳು ಮೇ ನಡುವೆ ಅಲ್ಲಿ ಕಂಡರೆ ಹುಲ್ಲಿನೊಳಗೆ ಮರಿಗಳಿವೆ ಎಂದೇ ಅರ್ಥ. ಮರಿಗಳು ಹಾರಲು ಜೂನ್ ಹದಿನೈದಾದರೂ ಆಗಬೇಕು. ವಿಟ್ಸೆ ಕೊಯ್ಯುವುದು ಬುಧವಾರ, ಐದನೇ ತಾರೀಖಿಗೆ. ಅವಳನ್ನು ಯಾರಾದರೂ ನೋಡಿದ್ದರೆ ಹೇಳು, ಹಿಂದಿನ ಹೊಲ ಬಿಡುತ್ತೇನೆ. ಇಲ್ಲದಿದ್ದರೆ ಯಂತ್ರದವನಿಗೆ ಹೇಳಿಯಾಗಿದೆ ಎಂದು ಅವನು ಆಫ್ಕೆಗೆ ಅಂದಿದ್ದನಂತೆ.

"ಇಡೀ ವಸಂತ ಆ ಹೊಲಕ್ಕೆ ಹೋದೋನು ನೀನೊಬ್ಬನೇ. ಅದಕ್ಕೇ ಈ ಕಾಲು ಎಳ್ಕೊಂಡು ನೋಡೋಕೆ ಬಂದೆ. ಎಡಗಾಲಿನ ಮೇಲ್ಗಡೆ ಹಳದಿ ಬಾವುಟ, ಅದರ ಕೆಳಗೆ ಕೆಂಪು ಉಂಗುರ. ಇಲ್ಲ. ಇಲ್ಲ ಅಂದ್ರೆ ಇಲ್ಲ. ವಿಟ್ಸೆಗೂ ಹಸು ಇವೆ."

ಬಾಯಲ್ಲಿದ್ದ ಕೇಕು ಇದ್ದಲ್ಲೇ ನಿಂತಿತು.

ಹೇಳಬಹುದಿತ್ತು. ಮೂರು ಮಾರು ದೂರದಲ್ಲಿ ಊನೆ ಕಾಫಿ ಬಗ್ಗಿಸುತ್ತಿದ್ದ. ಚೆಂದ ಬಂದಿದೆ ಹಿಲ್ಕೆ, ಎಂದು ಹೇಳಿ ಆಫ್ಕೆ ಊರುಗೋಲು ತಿರುಗಿಸಿದಳು. ಬಾಗಿಲು ಹಿಡಿದು ನಿಂತೆ. ಅಷ್ಟು ಮಾಡಿದೆ.

ಮಧ್ಯಾಹ್ನ 3

ಮೂಲ ಫೈಲು ತೆರೆದು ದೊಡ್ಡದು ಮಾಡಿದೆ. ಎಸಳಿಗೆ ಅಂಚು ಇಷ್ಟು ನೇರ ಇರುವುದಿಲ್ಲ. ಹುಳಿಸೊಪ್ಪಿನ ಕಾಳು ಕಾಲನ್ನು ಸುತ್ತಿಕೊಂಡಿರುವುದಿಲ್ಲ.

ಒಂದು ಹಕ್ಕಿಯ ವಿಳಾಸವನ್ನೇ ಅಳಿಸಿದ್ದೇನೆ. ಅದೂ ಅಂಚೆಯವಳ ಕಣ್ಣೆದುರು ನೇತು ಹಾಕಿದ್ದೇನೆ.

ಹಕ್ಕಿಗೆ ಪುಕ್ಕ, ನನಗೆ ಪುಕ್ಕಲು. ದೇವರು ಯಾರಿಗೂ ಏನನ್ನೂ ಪೂರ್ತಿ ಕಡಿಮೆ ಮಾಡುವುದಿಲ್ಲ.

ಜೂನ್ 2, ಭಾನುವಾರ. ಬೆಳಿಗ್ಗೆ 11

ಒಂದು ಉಪಾಯ ಮಾಡಿದೆ. ಒಪ್ಪಿಕೊಳ್ಳುವುದು ಯಾಕೆ? ಇವತ್ತೇ ಹೋಗಿ ಅದೇ ಹಕ್ಕಿಯನ್ನು ಉಂಗುರ ಸಮೇತ ಮತ್ತೆ ಹಿಡಿದರೆ ಆಯಿತು. ಆಫ್ಕೆಗೆ ಹಕ್ಕಿ ಸಿಗುತ್ತದೆ, ಮರಿಗೆ ಹುಲ್ಲು ಸಿಗುತ್ತದೆ, ನನಗೆ ಕಪ್ಪು ಉಳಿಯುತ್ತದೆ. ಹೇಳಿದ ಸುಳ್ಳಿಗೆ ಸತ್ಯದ ತೇಪೆ.

ಬೆಳಿಗ್ಗೆ ಆರಕ್ಕೆ ಹೋದೆ. ಗೇಟಿನ ಕಡೆಯಿಂದ ಹೋದರೆ ವಿಟ್ಸೆಯ ಅಡುಗೆಮನೆಯ ಕಿಟಕಿಗೆ ಕಾಣುತ್ತೇನೆ. ಕಾಲುವೆಯ ಕಡೆಯಿಂದ ಹೋದೆ. ಕೋಲು ಊರಿ ಕಾಲುವೆ ಹಾರುವುದು ನಮ್ಮಲ್ಲಿ ಮಕ್ಕಳು ನಡೆಯಲು ಕಲಿತ ಮಾರನೆಯ ದಿನ ಕಲಿಯುವ ವಿದ್ಯೆ. ನಾನೂ ಕಲಿತಿದ್ದೆ. ಆಗ ನನ್ನ ಬೆನ್ನಿಗೆ ಆರುನೂರರ ಲೆನ್ಸು ಇರಲಿಲ್ಲ, ಹೊಟ್ಟೆಯೂ ಇರಲಿಲ್ಲ. ಕೋಲು ನಡುನೀರಿನಲ್ಲಿ ನೆಟ್ಟಗೆ ನಿಂತಿತು. ನಾನೂ ಅದರ ತುದಿಯಲ್ಲಿ ಸ್ವಲ್ಪ ಹೊತ್ತು ನಿಂತೆ, ಒಂದು ಬಾವುಟದ ಹಾಗೆ. ಆಮೇಲೆ ಇಬ್ಬರೂ ನಿಧಾನವಾಗಿ, ಯಾವ ದಡದ ಕಡೆಗೂ ಪಕ್ಷಪಾತವಿಲ್ಲದೆ, ಉದ್ದಕ್ಕೆ ಬಿದ್ದೆವು. ಕಾಲುವೆಗೆ ಕಾಲು ಮಾತ್ರ ಕೊಡೋಣ ಎಂದಿದ್ದೆ, ಎದೆವರೆಗೆ ತೆಗೆದುಕೊಂಡಿತು. ಲೆನ್ಸನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದರಿಂದ ಅದೊಂದು ಒದ್ದೆಯಾಗದೆ ಉಳಿಯಿತು.

ಹುಲ್ಲು ಮೊಣಕಾಲಿಗೆ ಬೆಳೆದಿದೆ. ಅದರೊಳಗೆ ಆನೆ ಮಲಗಿದ್ದರೂ ಕಾಣದು. ದೂರದಲ್ಲಿ ಎರಡು ಗೊರವ ಹಾರಿದವು. ಬೆಳಗಿನ ಆಕಾಶದ ಎದುರು ಎಲ್ಲ ಕಾಲೂ ಕಪ್ಪು, ಎಲ್ಲ ಬಣ್ಣವೂ ಕಪ್ಪು. ಕಪ್ಪು ಕಾಲಿನ ಮುನ್ನೂರ ಹನ್ನೆರಡು ಚಿತ್ರ ತೆಗೆದೆ. ಎಂಟು ಕೇಜಿಯ ಮಸೂರವಿದ್ದೂ ಬೇಳೆ ಬೇಯಲಿಲ್ಲ.

ಬೌಕ್ಯೆ ಹಿತ್ತಲ ಬಾಗಿಲಲ್ಲೇ ತಡೆದಳು. ಬೂಟಿನಿಂದ ನೀರು ಸುರಿಯುತ್ತಿತ್ತು, ಕಾಲರಿನಲ್ಲಿ ಪಾಚಿ. ಏನಾಯಿತೆಂದು ಕೇಳಲಿಲ್ಲ. ನಿನ್ನೆಯಿಂದ ಏನಾಗಿದೆ ಎಂದು ಕೇಳಿದಳು. ಎರಡಕ್ಕೂ ವ್ಯತ್ಯಾಸವಿದೆ. ಎಸಳಿನ ವಿಷಯ ಹೇಳಿದೆ. ಕೇಳಿ ಮುಗಿಸಿ, ಒಣ ಪ್ಯಾಂಟು ಕೈಗೆ ಕೊಟ್ಟು ಅಂದಳು:

"ಕಪ್ ನಮ್ಮನೆ ಶೆಲ್ಫಲ್ಲಿ ಧೂಳು ತಿನ್ನುತ್ತೆ ಅಷ್ಟೆ. ಬುಧವಾರ ಅಲ್ಲಿ ಯಂತ್ರ ತಿನ್ನೋದು ಬೇರೆ."

ಜೂನ್ 3, ಸೋಮವಾರ

ಹೇಳಿದೆ.

ಆಫ್ಕೆ ಕಿಟಕಿಯ ಬಳಿ ಕಾಲನ್ನು ಸ್ಟೂಲಿನ ಮೇಲಿಟ್ಟು ಕುಳಿತಿದ್ದಳು. ಮುಂದೆ ಲೋಲ್ಕೆಯ ಕಾಲದ ಪುಸ್ತಕ. ಅಂಚೆ ಕಚೇರಿಯ ಹಳೆಯ ರಿಜಿಸ್ಟರು ಅದು; ಒಂದೊಂದು ಹಕ್ಕಿಗೆ ಒಂದೊಂದು ಸಾಲು, ಒಂದೊಂದು ವರ್ಷಕ್ಕೆ ಒಂದೊಂದು ಗೀಟು. ಒಂದು ಸಾಲಿನಲ್ಲಿ ಹದಿನಾರು ಗೀಟು, ಹದಿನೇಳನೆಯ ಮನೆ ಖಾಲಿ. ಆ ಖಾಲಿ ಮನೆಯ ಪಕ್ಕ ಪೆನ್ಸಿಲ್ಲು ಇತ್ತು. ಇನ್ನೂ ಏನೂ ಬರೆದಿರಲಿಲ್ಲ.

ಬಾಗಿಲಲ್ಲೇ ನಿಂತು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದೆ: ಕುಂಚ, ಎಸಳು, ಕಾಳು, ಕಪ್ಪು, ಕೇಕು. ಕಾಲುವೆಯನ್ನೂ ಸೇರಿಸಿದೆ, ಶಿಕ್ಷೆ ಸ್ವಲ್ಪ ಆಗಲೇ ಆಗಿದೆ ಎಂದು ತಿಳಿಯಲಿ ಎಂದು. ಮೂಲ ಚಿತ್ರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ನೋಡಿದಳು. ಬಹಳ ಹೊತ್ತು ನೋಡಿದಳು. ಒಂದು ಬೆರಳನ್ನು ಆ ಹಳದಿಯ ಮೇಲೆ ಇಟ್ಟು ತೆಗೆಯಲೇ ಇಲ್ಲ.

"ಬಂದಿದಾಳೆ," ಎಂದಳು. ನನಗಲ್ಲ.

ಆಮೇಲೆ ನನಗೆ: "ಭೂಗೋಳ ಹೇಳಿಕೊಟ್ಟೋನು ನೀನು. ಹೂವನ್ನ ಕಾಲಿಗೆ ಕಟ್ಕೊಂಡು ಹುಟ್ಟೋ ಹಕ್ಕಿ ಯಾವ ದೇಶದ್ದಪ್ಪಾ?"

ಆಫ್ಕೆ ಹದಿನೇಳನೆಯ ಗೀಟು ಎಳೆದಳು. ಗೆರೆ ನೇರ ಬರಲಿಲ್ಲ. ಅವಳ ಗೆರೆಯೂ ಸುಮ್ಮನೆ ಹಾಗೆ ಬಂತು ಅಂತ ಕಾಣುತ್ತದೆ.

ವಿಟ್ಸೆಗೆ ಅಲ್ಲಿಂದಲೇ ಫೋನು ಮಾಡಿದಳು. ಅವನು ಕೆಟ್ಟವನಲ್ಲ, ಲೆಕ್ಕದವನು. ಹೊಲ ಬಿಡುತ್ತೇನೆ ಎಂದದ್ದು ಹೌದು, ಹದಿನೆಂಟರಂದು ಹಕ್ಕಿ ಇತ್ತು, ಸರಿ. ಮರಿ ಇತ್ತೆ? ಮೊಟ್ಟೆಯನ್ನು ನರಿ ತಿಂದು ಹೋಗಿ, ಅವಳು ಸುಮ್ಮನೆ ಮೇಯುತ್ತಿದ್ದರೆ? ಹುಲ್ಲು ಹಣ್ಣಾಗುತ್ತಿದೆ, ಮುಂದಿನ ವಾರ ಮಳೆ. ಆ ದಿನ ತೆಗೆದ ಎಲ್ಲ ಚಿತ್ರಗಳನ್ನೂ ತೆಗೆದುಕೊಂಡು ನಾಳೆ ಸಂಜೆ ಹಾಲು ಕರೆದ ಮೇಲೆ ಬನ್ನಿ, ನೋಡೋಣ ಎಂದ.

ಆಫ್ಕೆ ಫೋನು ಇಟ್ಟು ಕೇಳಿದಳು: "ಎಷ್ಟು ಚಿತ್ರ ಇವೆ?"

ಒಂದೇ ಎಂದು ಕ್ಲಬ್ಬಿನಲ್ಲಿ ಹೇಳಿದ್ದೆ. ಇಪ್ಪತ್ತು ನಿಮಿಷ ಹೇಳಿದ್ದೆ.

ಸ್ವಲ್ಪ ಇವೆ ಎಂದೆ.

ಜೂನ್ 4, ಮಂಗಳವಾರ. ಬೆಳಿಗ್ಗೆ

ಊನೆಯ ಮನೆಗೆ ಹೋಗಿ ಕಪ್ಪು ಹಿಂತಿರುಗಿಸಿದೆ. ಅವನು ನಿಂತಲ್ಲೇ ಒಂದು ನಿಮಿಷ ನಕ್ಕ. ಗಡಿಯಾರ ನೋಡಿದ್ದೆ, ಒಂದು ನಿಮಿಷ ಹತ್ತು ಸೆಕೆಂಡು. ಆಮೇಲೆ ಬಹಳ ಗಂಭೀರನಾಗಿ, ಚಿತ್ರ ಗೋಡೆಯಲ್ಲೇ ಇರಲಿ, ಆದರೆ ಮೂಲ ಚಿತ್ರ ಇರಲಿ, ಮತ್ತು ಅದು ಹೇಗೆ ತೆಗೆದದ್ದು ಎಂದು ಇದ್ದದ್ದು ಇದ್ದ ಹಾಗೆ ನಿಮ್ಮ ಕೈಯಾರೆ ಒಂದು ಚೀಟಿ ಬರೆದು ಅಂಟಿಸಿ ಎಂದ. ಕಾನೂನು ಬರೆದ ಕೈ ತಾನೇ, ಚೀಟಿಗೂ ಒಗ್ಗುತ್ತದೆ ಎಂದ. ಹದಿಮೂರು ವರ್ಷ ಕಾದಿದ್ದ, ಪಾಪ. ಕಾಯುವುದು ಎಂದರೆ ಅದು.

ರಾತ್ರಿ 9, ಇನ್ನೂ ಬೆಳಕಿದೆ

ವಿಟ್ಸೆಯ ಅಡುಗೆಮನೆ. ಮೇಜಿನ ಮೇಲೆ ಕಾಫಿ, ಲ್ಯಾಪ್‌ಟಾಪು. ಬಲಕ್ಕೆ ಆಫ್ಕೆ, ಎಡಕ್ಕೆ ವಿಟ್ಸೆ, ನಡುವೆ ಆರೋಪಿ. ವಿಟ್ಸೆ ನನ್ನ ಹಳೆಯ ವಿದ್ಯಾರ್ಥಿ. ಮೈಯಿಂದ ಹಾಲಿನ ವಾಸನೆ.

ಫೈಲುಗಳ ಸಂಖ್ಯೆ ಪರದೆಯ ಮೂಲೆಯಲ್ಲಿ ಕಾಣುತ್ತಿತ್ತು: ಎರಡು ಸಾವಿರದ ನೂರ ಆರು. ವಿಟ್ಸೆ ಅದನ್ನು ಓದಿದ. ಸಕ್ಕರೆ ಕಲಕಿದ.

ನಾನು ಈ ಚಿತ್ರಗಳನ್ನು ಪೂರ್ತಿ ನೋಡಿರಲೇ ಇಲ್ಲ. ನೋಡಲು ನಾಚಿಕೆ, ಅಳಿಸಲು ಜಿಪುಣತನ. ಚೂಪಾಗಿ ಬಂದ ಒಂದನ್ನು ಆರಿಸಿಕೊಂಡು ಉಳಿದದ್ದನ್ನು ಹಾಗೇ ಮುಚ್ಚಿದ್ದೆ. ಸೆಕೆಂಡಿಗೆ ಒಂದು ಚಿತ್ರ. ಮೊದಲ ನಾನೂರು ಬರೀ ಮಣ್ಣುಗುಡ್ಡೆ. ಆಮೇಲೆ ಒಂದು ಮೊಲ ಬಂದು ಗುಡ್ಡೆಯನ್ನು ಮೂಸಿ, ಮೈ ಕೆರೆದುಕೊಂಡು, ನೇರ ಲೆನ್ಸಿನೊಳಗೆ ನೋಡಿ ಹೋಯಿತು. ಆಮೇಲೆ ಗುಡ್ಡೆ. ಗುಡ್ಡೆ. ಒಂದು ಟಿಟ್ಟಿಭ ಹಕ್ಕಿಯ ಬಾಲ. ಗುಡ್ಡೆ. ನಂತರ ಅವಳು, ಆ ಉಂಗುರದವಳು, ಬಂದಳು, ಏರಿದಳು, ಕಾಲು ಮಡಚಿದಳು. ಬಹುಮಾನದ ಚಿತ್ರ ಅಲ್ಲಿ ಬಂದು ಹೋಯಿತು, ಆರು ಚಿತ್ರಗಳ ನಡುವೆ ನಾಲ್ಕನೆಯದಾಗಿ. ಇಳಿದು ಹೋದಳು. ಮತ್ತೆ ಗುಡ್ಡೆ. ವಿಟ್ಸೆ ಒಮ್ಮೆ ಆಕಳಿಸಿದ.

ಸಾವಿರದ ಮುನ್ನೂರ ಎಂಬತ್ತೆಂಟನೆಯದರಲ್ಲಿ ಆಫ್ಕೆ ನನ್ನ ಮೊಣಕೈ ಹಿಡಿದಳು.

ಗೊರವ ಮರಳಿ ಬಂದಿತ್ತು, ಸ್ವಲ್ಪ ಮಸುಕು. ಹಳದಿ ಬಾವುಟ ಇದೆ. ಕಾಲ ಬುಡದಲ್ಲಿ, ಹೂಗಳ ನಡುವೆ, ಕಂದು ಬಣ್ಣದ ಎರಡು ಹತ್ತಿಯುಂಡೆ, ಅವಕ್ಕೆ ಕಡ್ಡಿಯಂಥ ಉದ್ದ ಕಾಲು. ಮುಂದಿನ ಚಿತ್ರದಲ್ಲಿ ಮೂರು. ಅದರ ಮುಂದಿನದರಲ್ಲಿ ಒಂದು ಮರಿ ಗುಡ್ಡೆ ಹತ್ತಲು ಹೋಗಿ ಅಂಗಾತ ಬಿದ್ದಿದೆ. ಅದರ ಸ್ಥಿತಿ ನನಗೆ ಅರ್ಥವಾಯಿತು.

ಹೊರಗೆ ಒಂದು ಹಸು ಸರಪಳಿ ಅಲುಗಿಸಿತು. ವಿಟ್ಸೆ ಎದ್ದು ಕಿಟಕಿಯಿಂದ ಹಿಂದಿನ ಹೊಲ ನೋಡಿದ, ಅಲ್ಲಿಂದ ಮರಿ ಕಾಣುತ್ತದೇನೋ ಎನ್ನುವ ಹಾಗೆ. ಫೋನು ತೆಗೆದು ಯಂತ್ರದವನಿಗೆ ಹೇಳಿದ: ನಾಳೆ ಮುಂದಿನ ಎರಡು ಹೊಲ ಮಾತ್ರ, ಹಿಂದಿನದಕ್ಕೆ ಹದಿನೈದರ ಮೇಲೆ ಬಾ. ಆ ಕಡೆಯಿಂದ ಏನೋ ಗೊಣಗಾಟ. ಅಲ್ಲಿ ಬಾಣಂತಿ ಇದಾಳೆ ಕಣಯ್ಯ, ಎಂದು ಹೇಳಿ ಇಟ್ಟ.

ಆಮೇಲೆ ನನ್ನ ಕಡೆ ತಿರುಗಿದ. ಬರುತ್ತದೆ ಎಂದು ಗೊತ್ತಿತ್ತು.

"ಮೇಷ್ಟ್ರೆ, ಏಳನೇ ಕ್ಲಾಸಲ್ಲಿ ನಕ್ಷೆ ಬರೆಯುವಾಗ ಒಂದು ನದಿ ಬಿಟ್ಟಿದ್ದೆ ಅಂತ ನಂಗೆ ಸೊನ್ನೆ ಕೊಟ್ರಿ. ಇದ್ದದ್ದನ್ನ ಬಿಡೋದು ಸುಳ್ಳು ಹೇಳಿದ ಹಾಗೇ ಅಂದ್ರಿ. ಇಡೀ ಕ್ಲಾಸಿನ ಎದುರಿಗೆ."

"ನೆನಪಿದೆ."

"ನನ್ನ ಸೊನ್ನೆಗೆ ಒಂದು ಕಾಲುಂಗುರ ಸೇರಿಸಿ ಕೊಡ್ತೀನಿ, ತಗೊಳ್ಳಿ. ಎರಡೂ ದುಂಡಗಿವೆ."

ಆಫ್ಕೆ ಕಣ್ಣೊರೆಸಿಕೊಂಡು ನಕ್ಕಳು. ನಾನೂ ನಕ್ಕೆ. ಇಷ್ಟಕ್ಕೇ ಮುಗಿಯಿತು, ಬಚಾವಾದೆ ಎಂದುಕೊಂಡೆ.

ಆಗ ಆಫ್ಕೆ ಚಿತ್ರಗಳನ್ನು ಮತ್ತೆ ಹಿಂದಕ್ಕೆ ಓಡಿಸಿದಳು. ಅಂಚೆಯವಳ ಕಣ್ಣು, ಲಕೋಟೆಯ ಮೇಲಿನ ಒಂದು ಚುಕ್ಕೆಯೂ ತಪ್ಪುವುದಿಲ್ಲ. ಮೂವತ್ತೈದು ನಿಮಿಷ, ಎರಡು ಸಾವಿರ ಚಿತ್ರ, ಲೆನ್ಸು ಒಂದು ಕೂದಲೆಳೆಯೂ ಅಲುಗಿಲ್ಲವಲ್ಲ ಎಂದಳು. ಹಕ್ಕಿ ಎಡಕ್ಕೆ ಹೋದಾಗ ಎಡಕ್ಕಿಲ್ಲ. ಮರಿ ಬಲಕ್ಕೆ ಹೋದಾಗ ಬಲಕ್ಕಿಲ್ಲ. ಕಾರ್ಡು ತುಂಬುವವರೆಗೆ ಅದೇ ಗುಡ್ಡೆ. ಮೂರು ಮರಿ ಎದುರಿಗೆ ಬಂದರೂ ನೀನು ನೋಡಲೇ ಇಲ್ಲವೆ?

"ಅದು ಒಂದು ತಂತ್ರ," ಎಂದೆ.

"ಯಾವ ತಂತ್ರ?"

ಹಾಲಿನ ಡಬ್ಬಿಯ ಮೇಲಿನ ಬರಹವನ್ನು ಪೂರ್ತಿ ಓದಿದೆ. ಎರಡೂ ಬದಿ.

ಜೂನ್ 5, ಬುಧವಾರ. ಬೆಳಿಗ್ಗೆ 8

ಏರಿಯ ಮೇಲೆ ಕುಳಿತು ನೋಡಿ ಬಂದೆವು, ಆಫ್ಕೆ ಮತ್ತು ನಾನು, ಬೌಕ್ಯೆಯ ಕಾರಿನಲ್ಲಿ. ಯಂತ್ರ ಆರಕ್ಕೆ ಬಂತು. ಮುಂದಿನ ಎರಡು ಹೊಲವನ್ನು ಗಡ್ಡ ಹೆರೆದ ಹಾಗೆ ಹೆರೆದು, ಹಿಂದಿನದರ ಅಂಚಿಗೆ ಬಂದು, ಗೇಟಿನ ಬಳಿ ತಿರುಗಿ ಹೋಯಿತು. ಹಿಂದಿನ ಹೊಲದಲ್ಲಿ ಹುಲ್ಲು ನಿಂತಿದೆ, ಹಳದಿ, ಕೆಂಪು, ಎಲ್ಲವೂ. ಒಂದು ಗೊರವ ಎದ್ದು ಯಂತ್ರದ ಹಿಂದೆಯೇ ಹಾರಿ ಬೈದು ಬಂತು. ಲೆನ್ಸು ಒಯ್ದಿರಲಿಲ್ಲ. ಆಫ್ಕೆಯ ದೂರದರ್ಶಕದಲ್ಲಿ ನೋಡಿದೆ; ಇಳಿಯುವಾಗ ಹಕ್ಕಿ ಕಾಲು ಚಾಚಿತು. ಹಳದಿ ಬಾವುಟ ಇತ್ತು.

ಬೆಳಿಗ್ಗೆ 10

ಚೀಟಿ ಬರೆಯಬೇಕು. ಗ್ರಂಥಾಲಯ ಎರಡಕ್ಕೆ ತೆರೆಯುತ್ತದೆ. ಊನೆ ಬಾಗಿಲಲ್ಲಿ ಕಾಯುತ್ತಿರುತ್ತಾನೆ.

ಮೊದಲ ಕರಡು: 'ಚಿತ್ರದಿಂದ ಎರಡು ಉಂಗುರಗಳನ್ನು ಅಳಿಸಲಾಗಿತ್ತು. ಈಗ ಹಿಂತಿರುಗಿಸಲಾಗಿದೆ.' ಇದು ಸುಲಭ. ಹರಿದೆ. ಇದ್ದದ್ದು ಇದ್ದ ಹಾಗೆ ಎಂದಿದ್ದಾನೆ.

ಎರಡನೆಯ ಕರಡು: 'ಛಾಯಾಗ್ರಾಹಕರು ದೀರ್ಘಕಾಲ ಕಾದು —' ಬೌಕ್ಯೆ ಹೆಗಲ ಮೇಲಿನಿಂದ ಓದಿ, ತನ್ನ ಕೆನ್ನೆಯನ್ನು ಬೆರಳಿಂದ ಎರಡು ಸಲ ತಟ್ಟಿಕೊಂಡು ಹೋದಳು. ಹರಿದೆ.

ದಿನಚರಿಯೇ, ನಿನಗೂ ಸುಳ್ಳು ಹೇಳಿದ್ದೆ. ಓದುವವರು ಯಾರೂ ಇಲ್ಲದ ಪುಸ್ತಕಕ್ಕೂ ಸುಳ್ಳು ಹೇಳುವವನು ಲೋಕದಲ್ಲಿ ನಾನೊಬ್ಬನೇ ಇರಬೇಕು. ಮೇ ಹದಿನೆಂಟರಂದು ಐದಕ್ಕೆ ಕುಳಿತದ್ದು ನಿಜ. ಟೆಂಟು ನಿಜ, ಮಂಜು ನಿಜ. ಏಳರವರೆಗೆ ಕಾದದ್ದೂ ನಿಜ. ಆಮೇಲೆ ಬಿಸಿಲು ಟೆಂಟಿನ ಮೇಲೆ ಬಿತ್ತು, ಒಳಗೆ ಬೆಚ್ಚಗಾಯಿತು, ಹುರುಳಿ ಚೀಲ ಮೆತ್ತಗಿತ್ತು. ಗೊರವ ಬಂದದ್ದು ನನಗೆ ಗೊತ್ತಿಲ್ಲ. ಮೊಲ ಬಂದದ್ದು ಗೊತ್ತಿಲ್ಲ. ಮರಿ ಬಂದದ್ದು, ಬಿದ್ದದ್ದು, ಎದ್ದದ್ದು ಯಾವುದೂ ಗೊತ್ತಿಲ್ಲ. ಎದುರಿಗೆ ಗೊರವ, ಒಳಗೆ ಗೊರಕೆ. ಎಂಟು ಮುಕ್ಕಾಲಿಗೆ ಎಚ್ಚರವಾದಾಗ ಕಾರ್ಡು ತುಂಬಿತ್ತು, ಗುಂಡಿ ಕೈಯಲ್ಲಿರಲಿಲ್ಲ. ಹುಡುಕಿದೆ. ತಂತಿಯನ್ನು ಹಿಡಿದುಕೊಂಡು ಹೋದರೆ ಅದು ನಾನು ಕುಳಿತ ಕಡೆ, ನನ್ನ ಅಡಿಯಲ್ಲಿ —

ಸರಿ. ಚೀಟಿಗೆ ಎರಡು ಮೂರು ವಾಕ್ಯ ಸಾಕು. ಬರೆದುಬಿಡುತ್ತೇನೆ:

'ಈ ಚಿತ್ರ ತೆಗೆದಾಗ ಛಾಯಾಗ್ರಾಹಕರು ನಿದ್ದೆಯಲ್ಲಿದ್ದರು. ಗುಂಡಿಯನ್ನು ಒತ್ತಿದ್ದು ಅವರ ಬೆರಳಲ್ಲ. ಬೆರಳಿಗಿಂತ ಬಹಳ ಅಗಲವಾದ, ಬುದ್ಧಿ ಎಂದೂ ಅಷ್ಟು ದೂರ ಇಳಿದಿರದ, ಅವರ —